ಅರವತ್ತು ರೂಪಾಯಿಯ ಊದಿನಕಡ್ಡಿ

ಮೂಟೆಯ ಬಾಯಿಯ ಹೊಲಿಗೆ ಬಿಚ್ಚಿ ಒಂದು ಹಿಡಿ ಕಪ್ಪು ಬತ್ತಿಯನ್ನು ಅಮ್ಮನ ಕೈಗಿಟ್ಟೆ. ಅವಳು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. ಒಂದು ಬತ್ತಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉರುಳಿಸಿ ನೋಡಿದಳು, ಬುಡದ ಕಡ್ಡಿಯನ್ನು ಉಗುರಿನಿಂದ ಗೀರಿದಳು. ಆಮೇಲೆ ಹೇಳಿದಳು: "ಇದನ್ನು ಯಾರೂ ಕೈಯಲ್ಲಿ ಹೊಸೆದಿಲ್ಲ. ಕಡ್ಡಿಯೂ ನಮ್ಮ ಕಡೆಯದಲ್ಲ."

ಅದು 2018ರ ಅಕ್ಟೋಬರ್, ದಸರಾ ಮುಗಿದ ವಾರ. ಮೈಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಐದು ಮೂಟೆಗಳು ಗೋಡೆಗೊರಗಿ ನಿಂತಿದ್ದವು. ಮೂಟೆಗೆ ಹೊಲಿದಿದ್ದ ಚೀಟಿಯಲ್ಲಿ ಇಂಗ್ಲಿಷಿನಂತೆ ಕಂಡರೂ ಇಂಗ್ಲಿಷಲ್ಲದ ಬರಹವಿತ್ತು. ಅಕ್ಷರಗಳ ತಲೆಯ ಮೇಲೂ ಕಾಲಿನ ಕೆಳಗೂ ಚುಕ್ಕೆ, ಗೀರುಗಳು. ಅದು ವಿಯೆಟ್ನಾಮಿನ ಭಾಷೆ ಎಂದು ಮಗಳು ಮೊಬೈಲಿನಲ್ಲಿ ನೋಡಿ ಹೇಳಿದಳು. ಮೈಸೂರು ಊದುಬತ್ತಿ ಮಾಡಿ ಮಾರಬೇಕೆಂದು ಹೊರಟ ನನ್ನ ಮನೆಯೊಳಗೆ ಮೊದಲು ಬಂದು ಕುಳಿತದ್ದು ವಿಯೆಟ್ನಾಮಿನ ಬತ್ತಿ.

ಅಮ್ಮನಿಗೆ ಬತ್ತಿಯ ಗುರುತು ಸಿಕ್ಕದ್ದು ಕಣ್ಣಿನಿಂದಲ್ಲ, ಬೆರಳಿನಿಂದ. ಇಪ್ಪತ್ತೆರಡು ವರ್ಷ ಅವಳು ಬತ್ತಿ ಹೊಸೆದವಳು. ನಾನು ಮೂರನೆಯ ತರಗತಿಯಲ್ಲಿದ್ದಾಗ ಸಾವಿರಕ್ಕೆ ನಾಲ್ಕು ರೂಪಾಯಿ ಕೂಲಿ. ಗುತ್ತಿಗೆದಾರನ ಕಡೆಯವನು ಸೈಕಲ್ಲಿನಲ್ಲಿ ಕಡ್ಡಿಯ ಕಟ್ಟು ಮತ್ತು ಪುಡಿಯ ಚೀಲ ತಂದಿಳಿಸಿ, ಹೋಗುವಾಗ ಹಿಂದಿನ ವಾರದ ಬತ್ತಿಯನ್ನು ತೂಗಿಕೊಂಡು ಹೋಗುತ್ತಿದ್ದ. ಇದ್ದಿಲ ಪುಡಿಗೆ ಜಿಗಟು, ಅಂದರೆ ಮರದ ತೊಗಟೆಯ ಅಂಟುಪುಡಿ, ಸೇರಿಸಿ ನೀರು ಹಾಕಿ ನಾದಿ, ಚಪಾತಿಯ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಮುದ್ದೆ ಮಾಡಿಕೊಳ್ಳಬೇಕು. ಮುಂದೆ ಇಳಿಜಾರಾಗಿ ಇಟ್ಟ ಹಲಗೆ. ಎಡಗೈಯಲ್ಲಿ ಕಡ್ಡಿ, ಬಲಗೈಯಲ್ಲಿ ಕಡಲೆ ಗಾತ್ರದ ಮುದ್ದೆ. ಅಂಗೈಯನ್ನು ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಜಾರಿಸಿದರೆ ಕಡ್ಡಿಯ ತುದಿಯಿಂದ ಬುಡದವರೆಗೆ ಮುದ್ದೆ ಒಂದೇ ದಪ್ಪಕ್ಕೆ ಹರಡಿಕೊಳ್ಳುತ್ತಿತ್ತು. ಬುಡದಲ್ಲಿ ಒಂದು ಅಂಗುಲ ಬರಿಯ ಕಡ್ಡಿ ಉಳಿಯಬೇಕು. ನಂತರ ಅದನ್ನು ಒಣಪುಡಿಯಲ್ಲಿ ಹೊರಳಿಸಿ ಪಕ್ಕಕ್ಕೆ ಹಾಕುವುದು. ಅಮ್ಮ ಮಾತನಾಡುತ್ತಲೇ ದಿನಕ್ಕೆ ನಾಲ್ಕು ಸಾವಿರ ಹೊಸೆಯುತ್ತಿದ್ದಳು. ಊಟಕ್ಕೆ ಕುಳಿತಾಗ ಅವಳ ಬಲ ಅಂಗೈಯ ಗೆರೆಗಳು ಮಾತ್ರ ಕಪ್ಪಾಗಿ ಕಾಣುತ್ತಿದ್ದವು. ಉಳಿದದ್ದು ತೊಳೆದರೆ ಹೋಗುತ್ತಿತ್ತು, ಗೆರೆಗಳೊಳಗಿನದು ಹೋಗುತ್ತಿರಲಿಲ್ಲ.

ಆ ಕಡ್ಡಿಗಳು ತ್ರಿಪುರಾದಿಂದ ಬರುತ್ತಿದ್ದವು. ಕತ್ತಿಯಿಂದ ಸೀಳಿದ ಚೌಕಾಕಾರದ ಕಡ್ಡಿ, ಮೈ ಒರಟು. ಒರಟಾಗಿದ್ದುದರಿಂದಲೇ ಮುದ್ದೆ ಹಿಡಿದುಕೊಳ್ಳುತ್ತಿತ್ತು. ನಾನು ಕೊಂಡು ತಂದ ಬತ್ತಿಯ ಕಡ್ಡಿ ಸೂಜಿಯಂತೆ ದುಂಡಗಿತ್ತು, ನುಣುಪಾಗಿತ್ತು. ಅಮ್ಮನ ಉಗುರು ಹುಡುಕಿದ್ದು ಆ ಚೌಕದ ಅಂಚನ್ನು.

ಸಂತೇಪೇಟೆಯ ಒಂದು ಸಗಟು ಕಿರಾಣಿ ಮಳಿಗೆಯಲ್ಲಿ ನಾನು ಹನ್ನೊಂದು ವರ್ಷ ಲೆಕ್ಕ ಬರೆದಿದ್ದೆ. ಮಳಿಗೆ ಮುಚ್ಚಿದಾಗ ಕೈಯಲ್ಲಿ ಸ್ವಲ್ಪ ಹಣವಿತ್ತು. ಮಹಿಳಾ ಸಂಘದಿಂದ ಇನ್ನಷ್ಟು ಸಾಲ ಸಿಕ್ಕಿತು. ನಮ್ಮ ಬೀದಿಯಲ್ಲಿ ಅಮ್ಮನ ಜೊತೆ ಹೊಸೆಯುತ್ತಿದ್ದ ಮೂವರು ಇನ್ನೂ ಇದ್ದರು. ಅವರಿಂದ ಹೊಸೆಯಿಸಿ, ಸುಗಂಧ ಹಾಕಿಸಿ, ಪೆಟ್ಟಿಗೆಗೆ ತುಂಬಿ ಮಾರುವುದು ನನ್ನ ಯೋಚನೆ. ಲೆಕ್ಕ ಹಾಕಿದ ಮೊದಲ ದಿನವೇ ಅದು ಕೈಗೂಡಲಿಲ್ಲ. ಕಡ್ಡಿ, ಇದ್ದಿಲು, ಜಿಗಟು ಚಿಲ್ಲರೆಯಾಗಿ ಕೊಂಡು, ಸಾವಿರಕ್ಕೆ, ಅಂದರೆ ಹೆಚ್ಚು ಕಡಿಮೆ ಒಂದು ಕೆಜಿಗೆ, 40 ರೂಪಾಯಿ ಕೂಲಿ ಕೊಟ್ಟರೆ ಒಂದು ಕೆಜಿ ಕಪ್ಪು ಬತ್ತಿಗೆ 110 ರೂಪಾಯಿ ಮೀರುತ್ತಿತ್ತು. ಸಿದ್ಧವಾಗಿ ಬರುವ ಬತ್ತಿ ಬಾಗಿಲಿಗೆ ತಂದುಕೊಟ್ಟು 72 ರೂಪಾಯಿ. ನಾನು 72ರದನ್ನೇ ತೆಗೆದುಕೊಂಡೆ. ಅಮ್ಮನಿಗೆ ಹೇಳದೆ ತೆಗೆದುಕೊಂಡೆ, ಅದಕ್ಕೇ ಮೂಟೆ ಬಿಚ್ಚುವಾಗ ನನ್ನ ಕೈ ಅಳುಕಿತ್ತು.

ಕಪ್ಪು ಬತ್ತಿಗೆ ವಾಸನೆಯೇ ಇರುವುದಿಲ್ಲ ಎಂಬುದು ಕೊಳ್ಳುವವರಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಹಚ್ಚಿದರೆ ಸುಟ್ಟ ಕಟ್ಟಿಗೆಯ ಹೊಗೆ, ಅಷ್ಟೆ. ಅದು ಊದಿನಕಡ್ಡಿಯಾಗುವುದು ಸುಗಂಧದಲ್ಲಿ ಮುಳುಗಿ ಎದ್ದ ಮೇಲೆ. ಅದಕ್ಕಾಗಿ ನಗರದ ಹೊರವಲಯದ ಒಂದು ಘಟಕಕ್ಕೆ ಮೂಟೆಗಳನ್ನು ಒಯ್ದೆ. ಅವರು ಬೇರೆಯವರಿಗೂ ಕೂಲಿಗೆ ಸುಗಂಧ ಹಾಕಿ, ಒಣಗಿಸಿ, ಬೇಕಾದರೆ ಪೆಟ್ಟಿಗೆಗೂ ತುಂಬಿಕೊಡುವವರು.

ಬಾಗಿಲಿನಲ್ಲೇ ತಲೆ ಭಾರವಾಗುವಷ್ಟು ಪರಿಮಳ. ಒಳಗೆ ಉದ್ದನೆಯ ತಗಡಿನ ತೊಟ್ಟಿ. ಅದರಲ್ಲಿ ನೀರಿನಷ್ಟೇ ತಿಳಿಯಾದ, ಎಣ್ಣೆಯಷ್ಟು ದಪ್ಪವಲ್ಲದ ದ್ರವ. ಅದರ ಮುಕ್ಕಾಲು ಪಾಲು ಡಿಇಪಿ, ಅಂದರೆ ಡೈ ಈಥೈಲ್ ಥ್ಯಾಲೇಟ್ ಎಂಬ, ಸ್ವಂತ ವಾಸನೆಯಿಲ್ಲದ ರಾಸಾಯನಿಕ. ಉಳಿದ ಕಾಲು ಪಾಲು ಸುಗಂಧದ ಮಿಶ್ರಣ. ಒಬ್ಬ ಹುಡುಗ ಬತ್ತಿಯ ಕಂತೆಯನ್ನು ಬುಡ ಹಿಡಿದು ತಲೆಕೆಳಗಾಗಿ ತೊಟ್ಟಿಗೆ ಇಳಿಸುತ್ತಿದ್ದ. ಉಸಿರು ಬಿಟ್ಟಂತೆ ಸಣ್ಣ ಗುಳ್ಳೆಗಳು ಮೇಲೆ ಬರುತ್ತಿದ್ದವು. ಗುಳ್ಳೆ ನಿಂತೊಡನೆ ಎತ್ತಿ ಜಾಲರಿಯ ಮೇಲೆ ಮಲಗಿಸುತ್ತಿದ್ದ. ಒಂದು ಕೆಜಿ ಬತ್ತಿ ಸುಮಾರು 350 ಗ್ರಾಂ ದ್ರವ ಕುಡಿಯುತ್ತದೆ. ನಾವು ಕೊಳ್ಳುವ ತೂಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಈ ದ್ರವವೇ.

ಆ ಘಟಕದ ಯಜಮಾನರು ಸುಗಂಧ ಬೆರೆಸುವ ಕೋಣೆಗೆ ನನ್ನನ್ನು ಕರೆದುಕೊಂಡು ಹೋದರು. ಕಪಾಟಿನ ತುಂಬ ಕಂದು ಬಣ್ಣದ ಸೀಸೆಗಳು. ಕಾಗದದ ತೆಳುವಾದ ಪಟ್ಟಿಗಳನ್ನು ಒಂದೊಂದರಲ್ಲಿ ಅದ್ದಿ ನನ್ನ ಮೂಗಿನ ಮುಂದೆ ಹಿಡಿದರು. ಮಲ್ಲಿಗೆ, ಕೇದಗೆ, ಸಂಪಿಗೆ, ಮಳೆ ಬಿದ್ದ ಮಣ್ಣು. "ಇದು ಉರಿದಾಗ ಹೀಗೆ ಇರುವುದಿಲ್ಲ. ಬೆಂಕಿಯಲ್ಲಿ ಯಾವುದು ಉಳಿಯುತ್ತದೆ, ಯಾವುದು ಹಾರಿಹೋಗುತ್ತದೆ ಎಂದು ಗೊತ್ತಿರಬೇಕು" ಎಂದರು. ಅವರ ತಂದೆಯ ಕಾಲದ ಸೂತ್ರಗಳಿದ್ದ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಹಿಂದೆ ಪಶ್ಚಿಮ ಘಟ್ಟದ ಮರದಿಂದ ಇಳಿಸಿದ ಹಾಲ್ಮಡ್ಡಿ ಎಂಬ ಅಂಟನ್ನು ಸೇರಿಸಿ ಮಾಡುತ್ತಿದ್ದ ಒದ್ದೆ ಬತ್ತಿಯ ಚೂರೊಂದನ್ನು ಹಚ್ಚಿ ತೋರಿಸಿದರು. ಬೆಣ್ಣೆ ಕಾಯಿಸಿದಾಗಿನ ಘಮದಂಥದ್ದು ಏನೋ ಒಂದು ಆ ಹೊಗೆಯಲ್ಲಿತ್ತು. "ಮೈಸೂರು ಅಗರಬತ್ತಿ"ಗೆ 2005ರಲ್ಲಿ ಭೌಗೋಳಿಕ ಸೂಚಿಕೆಯ, ಅಂದರೆ ಸರಕಿನ ಹೆಸರನ್ನು ಅದರ ಊರಿಗೆ ಮೀಸಲಿಡುವ ಜಿಐ ಗುರುತಿನ, ಮಾನ್ಯತೆ ಸಿಕ್ಕಿತು. ಆ ಹೆಸರಿಗೆ ಈ ಊರಿನ ಹಕ್ಕು ಏನಾದರೂ ಇದ್ದರೆ ಅದು ಈ ಕೋಣೆಯಲ್ಲಿದೆ, ಈ ಮೂಗಿನಲ್ಲಿದೆ ಎಂದು ಅವತ್ತು ನನಗೆ ಅನ್ನಿಸಿತು. ಈಗಲೂ ಹಾಗೇ ನಂಬಿದ್ದೇನೆ.

"ಶ್ರೀಗಂಧ ಬೇಕು" ಎಂದೆ. ಅವರು ಮೃದುವಾಗಿ ಹೇಳಿದರು: "ನಿಜವಾದ ಗಂಧದೆಣ್ಣೆ ಕೆಜಿಗೆ ಲಕ್ಷ ರೂಪಾಯಿ ದಾಟುತ್ತದೆ, ಮೇಡಂ. ನೀವು ಕೇಳುತ್ತಿರುವುದು ಕೆಜಿಗೆ 700ರ ಮಿಶ್ರಣ. ಗಂಧದ ನೆನಪು ತರುವಂಥದ್ದನ್ನು ಮಾಡಿಕೊಡುತ್ತೇನೆ." ನಾನು ಪೆಟ್ಟಿಗೆಯ ಮೇಲೆ "ಶ್ರೀಗಂಧ" ಎಂದು ಬರೆಸಲಿಲ್ಲ. ಆ ಒಂದು ತೀರ್ಮಾನದ ಬಗ್ಗೆ ನನಗೆ ಇಂದಿಗೂ ಸಮಾಧಾನವಿದೆ.

ಪಕ್ಕದ ಹಾಲಿನಲ್ಲಿ ಹೆಂಗಸರು ಪೆಟ್ಟಿಗೆಗೆ ತುಂಬುತ್ತಿದ್ದರು. ಒಂದೇ ರಾಶಿ, ಮೇಜಿನ ಮೇಲೆ ಮೂರು ಬಗೆಯ ಪೆಟ್ಟಿಗೆ. ಒಂದರ ಮೇಲೆ 50 ರೂಪಾಯಿ, ಇನ್ನೊಂದರ ಮೇಲೆ 85, ಚಿನ್ನದ ಬಣ್ಣದ ಅಂಚಿನದರ ಮೇಲೆ 120. ಮೂರೂ ನೂರು ಗ್ರಾಮಿನವು, ಮೂರು ಬೇರೆ ಬೇರೆ ಊರಿನ ವಿಳಾಸ. ನಾನು ನಿಂತು ನೋಡುವುದನ್ನು ಕಂಡು ತುಂಬುತ್ತಿದ್ದಾಕೆ ಹೇಳಿದಳು: "ಬತ್ತಿ ಒಂದೇ, ಅಕ್ಕ. ಸೆಂಟೂ ಒಂದೇ. ಪೆಟ್ಟಿಗೆ ಮಾತ್ರ ಅವರವರದು." ಮೂರನ್ನೂ ತುಂಬಲು ಆಕೆಗೆ ಸಿಗುವ ಕೂಲಿಯೂ ಒಂದೇ.

ಹನ್ನೊಂದು ವರ್ಷ ಕಿರಾಣಿ ಮಳಿಗೆಯಲ್ಲಿ ಕುಳಿತು ಸಾವಿರಾರು ಪೆಟ್ಟಿಗೆಗಳ ಬೆಲೆಯನ್ನು ಪುಸ್ತಕದಲ್ಲಿ ಬರೆದಿದ್ದೆ. ಬೆಲೆ ಎಂದರೆ ಒಳಗಿನ ವಸ್ತುವಿನದು ಎಂಬ ನಂಬಿಕೆಯಲ್ಲೇ ಬರೆದಿದ್ದೆ.

ನನ್ನ ಪೆಟ್ಟಿಗೆಯ ಲೆಕ್ಕ ಇಲ್ಲಿದೆ. ಅಂದಿನ ಪುಸ್ತಕ ಎದುರಿಗೇ ಇದೆ, ನೋಡಿಯೇ ಬರೆಯುತ್ತಿದ್ದೇನೆ. ಕೆಜಿಗೆ 700 ರೂಪಾಯಿಯ ಸುಗಂಧ ಒಂದು ಪಾಲು, 170ರ ಡಿಇಪಿ ಮೂರು ಪಾಲು ಬೆರೆಸಿದರೆ ಆ ದ್ರವ ಕೆಜಿಗೆ 302 ರೂಪಾಯಿ. ಒಂದು ಕೆಜಿ ಬತ್ತಿ ಕುಡಿಯುವ 350 ಗ್ರಾಮಿಗೆ 106. ಬತ್ತಿಯ 72 ಸೇರಿಸಿದರೆ 178 ರೂಪಾಯಿಗೆ ಒಂದು ಕೆಜಿ 350 ಗ್ರಾಂ ಸಿದ್ಧ ಸರಕು. ನೂರು ಗ್ರಾಮಿಗೆ, ಅಂದರೆ ಸುಮಾರು 74 ಕಡ್ಡಿಗೆ, 13 ರೂಪಾಯಿ 20 ಪೈಸೆ. ಅದ್ದಿ ಒಣಗಿಸುವ ಕೂಲಿ ಒಂದು ರೂಪಾಯಿ. ಶಿವಕಾಶಿಯಲ್ಲಿ ಮುದ್ರಿಸಿದ ಬಣ್ಣದ ಪೆಟ್ಟಿಗೆ 4 ರೂಪಾಯಿ 20 ಪೈಸೆ, ಒಳಗಿನ ಪ್ಲಾಸ್ಟಿಕ್ ಹೊದಿಕೆ ಒಂದು ರೂಪಾಯಿ, ತುಂಬುವ ಕೂಲಿ ಒಂದು ರೂಪಾಯಿ, ದೊಡ್ಡ ರಟ್ಟಿನ ಪೆಟ್ಟಿಗೆ ಮತ್ತು ಟೇಪು 60 ಪೈಸೆ. ಒಟ್ಟು 21 ರೂಪಾಯಿ.

ಈ ಇಪ್ಪತ್ತೊಂದರಲ್ಲಿ ಸುಮಾರು ಎಂಟು ರೂಪಾಯಿ ಪರಿಮಳದ್ದು, ಐದು ರೂಪಾಯಿಗಿಂತ ತುಸು ಹೆಚ್ಚು ಕಡ್ಡಿ–ಇದ್ದಿಲಿನದು. ಎಸೆಯುವ ಪೆಟ್ಟಿಗೆಗೂ ಉರಿಸುವ ಬತ್ತಿಗೂ ಹೆಚ್ಚು ಕಡಿಮೆ ಒಂದೇ ಖರ್ಚು. ಸರಕು ಎಲ್ಲಿಯದು ಎಂದು ಕೇಳಿದರೆ ಒಂದೇ ಊರಿನ ಹೆಸರು ಹೇಳುವುದಕ್ಕೆ ಆಗುವುದಿಲ್ಲ. ಬಿದಿರು ಮತ್ತು ಬತ್ತಿ ವಿಯೆಟ್ನಾಮಿನದು, ಬಣ್ಣ ಶಿವಕಾಶಿಯದು, ಪರಿಮಳ ಮೈಸೂರಿನದು.

ಪೆಟ್ಟಿಗೆಯ ಮೇಲೆ ಏನು ಅಚ್ಚಾಗಬೇಕು ಎಂಬುದಕ್ಕೆ 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸರಕುಗಳ ನಿಯಮಗಳಿವೆ. ತಯಾರಕರ ಅಥವಾ ಪೊಟ್ಟಣ ಕಟ್ಟಿದವರ ಹೆಸರು ವಿಳಾಸ, ನಿವ್ವಳ ಪ್ರಮಾಣ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಫೋನ್ ಸಂಖ್ಯೆ. ನೋಂದಣಿಗೆ ನಾನು ಕಟ್ಟಿದ ಶುಲ್ಕ 500 ರೂಪಾಯಿ. ಅರ್ಜಿ ತುಂಬಿಕೊಟ್ಟಾತ ನನಗೊಂದು ಪಾಠ ಹೇಳಿದ. ತಯಾರಿಸಿದವರು, ಪೊಟ್ಟಣ ಕಟ್ಟಿದವರು, ಮಾರುಕಟ್ಟೆಗೆ ತಂದವರು: ಈ ಮೂರು ಪದಗಳನ್ನು ಬಿಡಿಬಿಡಿಯಾಗಿ ಓದಬೇಕು. ಪೆಟ್ಟಿಗೆಯ ಮುಂಭಾಗದಲ್ಲಿ ದೊಡ್ಡದಾಗಿರುವ ಹೆಸರು ಬಹುಪಾಲು ಮೂರನೆಯದು. ಮಾಡಿದವರ ಹೆಸರು ಹಿಂಬದಿಯಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ. ಅಂದಿನಿಂದ ಸೋಪು, ಬಿಸ್ಕತ್ತು, ಹಲ್ಲುಜ್ಜುವ ಪೇಸ್ಟು ಯಾವುದನ್ನು ಕೊಂಡರೂ ನಾನು ಮೊದಲು ತಿರುಗಿಸಿ ನೋಡುವುದು ಹಿಂಬದಿಯನ್ನೇ. ಒಂದೇ ವಿಳಾಸ ಎಷ್ಟು ಹೆಸರುಗಳ ಹಿಂದೆ ಇರುತ್ತದೆ ಎಂಬುದನ್ನು ನೀವೂ ನೋಡಿ.

ಗರಿಷ್ಠ ಮಾರಾಟ ಬೆಲೆ ಬಂದದ್ದು 1990ರಲ್ಲಿ. ಅದಕ್ಕೆ ಮೊದಲು ಸ್ಥಳೀಯ ತೆರಿಗೆ ಪ್ರತ್ಯೇಕ ಎಂದು ಬರೆದು ಅಂಗಡಿಯವರು ಮನಸ್ಸಿಗೆ ಬಂದಷ್ಟು ಸೇರಿಸುತ್ತಿದ್ದರಂತೆ. ಕೊಳ್ಳುವವರನ್ನು ಕಾಪಾಡಲು ಬಂದ ನಿಯಮ ಅದು, ಒಳ್ಳೆಯ ನಿಯಮ. ಆದರೆ ಆ ಅಂಕಿಯನ್ನು ಸರ್ಕಾರ ಗೊತ್ತುಮಾಡುತ್ತದೆ ಎಂದು ನಮ್ಮ ಬೀದಿಯ ಎಲ್ಲರೂ ತಿಳಿದಿದ್ದರು. ನಾನೂ ಅರ್ಧ ಹಾಗೇ ತಿಳಿದಿದ್ದೆ. ಊದಿನಕಡ್ಡಿಯಂಥ ಸರಕಿಗೆ ಯಾವ ಇಲಾಖೆಯೂ ಬೆಲೆ ಕಟ್ಟುವುದಿಲ್ಲ. ನಾನು ಬರೆದದ್ದೇ ಬೆಲೆ. ಬರೆದದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು, ಅಷ್ಟೇ ಕಾನೂನು.

ನಾನು 35 ಎಂದು ಬರೆಯಬೇಕೆಂದಿದ್ದೆ. 21ರ ಸರಕಿಗೆ 35 ನ್ಯಾಯವೆನಿಸಿತ್ತು. ಮಾದರಿ ಪೆಟ್ಟಿಗೆ ಹಿಡಿದುಕೊಂಡು ಒಬ್ಬ ವಿತರಕರ ಬಳಿಗೆ ಹೋದೆ. ಮೂವತ್ತು ವರ್ಷದ ಅನುಭವದವರು. ಪೆಟ್ಟಿಗೆ ತೆರೆದು ಮೂಸಿ, "ವಾಸನೆ ಚೆನ್ನಾಗಿದೆ, ತಾಯಿ" ಎಂದರು. ಬೆಲೆ ಹೇಳಿದೆ. ಅವರು ಕ್ಯಾಲ್ಕುಲೇಟರನ್ನು ನನ್ನ ಕಡೆಗೆ ತಿರುಗಿಸಿಟ್ಟರು.

"ನೀವೇ ಒತ್ತಿ. ಅಂಗಡಿಯವನಿಗೆ ಶೇಕಡಾ 30 ಬಿಡಬೇಕು, ಹೊಸ ಮಾಲಿಗೆ ಅದಕ್ಕಿಂತ ಕಡಿಮೆಗೆ ಯಾರೂ ಜಾಗ ಕೊಡುವುದಿಲ್ಲ. ಎಷ್ಟು ಉಳಿಯಿತು?"

"ಇಪ್ಪತ್ನಾಲ್ಕೂವರೆ."

"ಅದರಲ್ಲಿ ನಾನು ನಿಮಗೆ ಕೊಡುವ ಬೆಲೆಯ ಮೇಲೆ ನನಗೆ ನೂರಕ್ಕೆ ಹತ್ತು. ಗಾಡಿ, ಹುಡುಗರು, ಉದ್ದರಿ ಎಲ್ಲ ನನ್ನದು."

"ಇಪ್ಪತ್ತೆರಡು ಇಪ್ಪತ್ತೇಳು."

"ಶೇಕಡಾ 5 ಜಿಎಸ್‌ಟಿ ತೆಗೆಯಿರಿ. ಆಮೇಲೆ ಡಜನ್ನಿಗೆ ಒಂದು ಉಚಿತ, ಅದಿಲ್ಲದೆ ಅಂಗಡಿಯವನು ಮುಟ್ಟುವುದಿಲ್ಲ."

ಹತ್ತೊಂಬತ್ತು ರೂಪಾಯಿ 58 ಪೈಸೆ ಬಂತು. ನನ್ನ ಖರ್ಚಿಗಿಂತ ಒಂದೂವರೆ ರೂಪಾಯಿ ಕಡಿಮೆ. ಮಾರಿದಷ್ಟೂ ನಷ್ಟ.

ಅವರು ನನ್ನನ್ನು ಹೆದರಿಸುತ್ತಿರಲಿಲ್ಲ, ಕಲಿಸುತ್ತಿದ್ದರು. "ನೀವು ಕೆಳಗಿನಿಂದ ಮೇಲಕ್ಕೆ ಲೆಕ್ಕ ಹಾಕಿದ್ದೀರಿ. ಈ ವ್ಯಾಪಾರದಲ್ಲಿ ಮೇಲಿನಿಂದ ಕೆಳಕ್ಕೆ ಹಾಕಬೇಕು. ಅಂಗಡಿಯ ಹಲಗೆಯ ಮೇಲೆ ನಿಮ್ಮ ಪಕ್ಕದಲ್ಲಿ ಕುಳಿತಿರುವುದು 60ರದ್ದು. ನೀವೂ 60 ಬರೆಯಿರಿ. ಅಲ್ಲಿಂದ ಒಬ್ಬೊಬ್ಬರ ಪಾಲು ಕಳೆಯುತ್ತಾ ಬನ್ನಿ. ಕೊನೆಗೆ ಉಳಿದದ್ದರಲ್ಲಿ ಮಾಲು ಮಾಡಿ." 45 ಬರೆದರೆ ಹೇಗೆ ಎಂದು ಕೇಳಿದೆ. ತಲೆಯಾಡಿಸಿದರು. "ಬೇರೆ ಸಾಮಾನಾದರೆ ಅಗ್ಗಕ್ಕೆ ಓಡಿಬರುತ್ತಾರೆ. ದೇವರ ಮುಂದೆ ಹಚ್ಚುವುದಕ್ಕೆ ಅಗ್ಗದ್ದು ಬೇಡ ಎನ್ನುತ್ತಾರೆ. ಅಲ್ಲದೆ 60 ಬರೆದಿದ್ದರೆ ಹಬ್ಬಕ್ಕೆ ಹತ್ತು ರೂಪಾಯಿ ಬಿಟ್ಟು ಕೊಡಬಹುದು. 45ರಲ್ಲಿ ಏನು ಬಿಡುತ್ತೀರಿ?"

60 ಎಂದು ಅಚ್ಚು ಹಾಕಿಸಿದೆ. ಅವೇ ಪಾಲುಗಳನ್ನು ಕಳೆದರೆ ನನ್ನ ಕೈಗೆ 33 ರೂಪಾಯಿ 57 ಪೈಸೆ. ಖರ್ಚು ತೆಗೆದರೆ ಹನ್ನೆರಡೂವರೆ. ಅದರಲ್ಲಿ ಅಂಗಡಿ ಸುತ್ತುವ ಹುಡುಗನ ಸಂಬಳ, ಪೆಟ್ರೋಲು, ಮಾದರಿಗೆ ಹಂಚಿದ್ದು, ತೇವ ತಗುಲಿ ವಾಪಸು ಬಂದದ್ದು, ಆರು ತಿಂಗಳಾದರೂ ಬಾರದ ಬಾಕಿ. ಮೊದಲ ವರ್ಷ ಪೆಟ್ಟಿಗೆಗೆ ನಾಲ್ಕು ರೂಪಾಯಿ ಉಳಿದಿತ್ತು. ಅಂಗಡಿಯವನಿಗೆ 18. ಅವನನ್ನೂ ನಾನು ದೂರುವುದಿಲ್ಲ. ಮೈಸೂರಿನಲ್ಲಿ ಮಳಿಗೆಯ ಬಾಡಿಗೆ ಎಷ್ಟೆಂದು ನನಗೆ ಗೊತ್ತು, ಹನ್ನೊಂದು ವರ್ಷ ಅದನ್ನೂ ನಾನೇ ಬರೆಯುತ್ತಿದ್ದೆ.

ಬತ್ತಿ ಮಾಡಿದ ಕೈಗೆ ಎಷ್ಟು? ಅದು ನನ್ನ ಪುಸ್ತಕದಲ್ಲಿ ಇರಲಿಲ್ಲ. 72 ರೂಪಾಯಿಯೊಳಗೆ ಎಲ್ಲೋ ಕರಗಿಹೋಗಿತ್ತು. ವಿಯೆಟ್ನಾಮಿನಲ್ಲಿ ಹನೋಯ್ ಬಳಿ ಕ್ವಾಂಗ್ ಫು ಕೌ ಎಂಬ ಊರಿದೆ. ಕೆಂಪು ಬಣ್ಣ ಹಾಕಿದ ಬಿದಿರು ಕಡ್ಡಿಯ ಕಂತೆಗಳನ್ನು ಹೂವಿನಂತೆ ಅರಳಿಸಿ ಅಂಗಳದ ತುಂಬ ಒಣಹಾಕುತ್ತಾರೆ; ಆ ಚಿತ್ರ ನೋಡಲು ಪ್ರವಾಸಿಗರು ಹೋಗುತ್ತಾರೆ. ಮಗಳು ಮೊಬೈಲಿನಲ್ಲಿ ಆ ಫೋಟೋ ತೋರಿಸಿದಾಗ ಅಮ್ಮ ಬಹಳ ಹೊತ್ತು ನೋಡಿದಳು. ಕಂತೆಗಳ ನಡುವೆ ಕುಳಿತಿದ್ದ ಹೆಂಗಸಿನ ಕೈಯನ್ನು ಬೆರಳಿನಿಂದ ದೊಡ್ಡದು ಮಾಡಿಸಿಕೊಂಡು ನೋಡಿದಳು. "ಇವಳಿಗೆ ಸಾವಿರಕ್ಕೆ ಎಷ್ಟು ಕೊಡುತ್ತಾರೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

2019ರ ಆಗಸ್ಟ್ 31ರಂದು ಕೇಂದ್ರ ಸರ್ಕಾರ ಊದುಬತ್ತಿಯ ಆಮದನ್ನು ಮುಕ್ತ ಪಟ್ಟಿಯಿಂದ ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅದಾದ ಎರಡೇ ವಾರದಲ್ಲಿ ನನ್ನ ಸರಬರಾಜುದಾರ ಫೋನ್ ಎತ್ತುವುದನ್ನು ನಿಲ್ಲಿಸಿದ. ಮತ್ತೆ ಸಿಕ್ಕಾಗ ಕಪ್ಪು ಬತ್ತಿ 90 ದಾಟಿತ್ತು. ಈ ಸಲದ್ದು ಇಲ್ಲೇ ಯಂತ್ರದಲ್ಲಿ ಮಾಡಿದ್ದು ಎಂದ. ನಿಜವೇ. ಆದರೆ ಅಮ್ಮ ಉಗುರಿನಿಂದ ಗೀರಿ ನೋಡಿದರೆ ಅದೇ ದುಂಡು ಕಡ್ಡಿ. ಬತ್ತಿ ಬರುವುದು ನಿಂತಿತ್ತು. ಕಡ್ಡಿ ಇನ್ನೂ ಹಡಗಿನಲ್ಲೇ ಬರುತ್ತಿತ್ತು.

ಏಕೆ ಹೀಗೆ ಎಂದು ಕೇಳುತ್ತಾ ಹೋದಾಗ ವಿಷಯ ಬಿಚ್ಚಿಕೊಂಡಿತು. 2011ರಲ್ಲಿ ಬಿದಿರು ಕಡ್ಡಿಯ ಆಮದು ಸುಂಕವನ್ನು ಶೇಕಡಾ 30ರಿಂದ 10ಕ್ಕೆ ಇಳಿಸಲಾಯಿತು. ಅದೇ ವರ್ಷಗಳಲ್ಲಿ ಬತ್ತಿ ಮಾಡುವ ಯಂತ್ರಗಳು ಬಂದವು. ಯಂತ್ರದ ಬಾಯಿಗೆ ಚೌಕಾಕಾರದ ಕಡ್ಡಿ ಹೋಗುವುದಿಲ್ಲ. ದುಂಡಗೆ, ಒಂದೇ ಅಳತೆಗೆ ಇರಬೇಕು. ಚೀನಾ, ವಿಯೆಟ್ನಾಮುಗಳಲ್ಲಿ ಅಂಥ ಕಡ್ಡಿ ಕೊಯ್ಯುವ ಕಾರ್ಖಾನೆಗಳಿದ್ದವು. ತ್ರಿಪುರಾದಲ್ಲಿ ಕತ್ತಿ ಹಿಡಿದ ಕೈಗಳಿದ್ದವು. ಹೀಗೆ ಅಮ್ಮನ ಕೆಲಸವೂ ತ್ರಿಪುರಾದ ಯಾವುದೋ ತಾಯಿಯ ಕೆಲಸವೂ ಒಂದೇ ಕಾಲಕ್ಕೆ ಹೋದವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ. ಒಂದೇ ಕಡ್ಡಿಯ ಎರಡು ತುದಿ ಹಿಡಿದಿದ್ದವರು.

ಬಿದಿರಿನಲ್ಲಿ ಇನ್ನೊಂದು ಕಷ್ಟವಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಹೇಳಿರುವಂತೆ ಬಿದಿರಿನಲ್ಲಿ ಕಡ್ಡಿಯಾಗುವುದು ಶೇಕಡಾ 16 ಮಾತ್ರ, ಉಳಿದ 84 ಪಾಲು ವ್ಯರ್ಥವಾಗುತ್ತದೆ. ಆ ಉಳಿಕೆಗೆ ಬೆಲೆ ಬಾರದೆ ಕಡ್ಡಿ ಅಗ್ಗವಾಗುವುದಿಲ್ಲ. 2020ರ ಜೂನ್‌ನಲ್ಲಿ ಕಡ್ಡಿಯ ಸುಂಕವನ್ನು ಶೇಕಡಾ 25ಕ್ಕೆ ಏರಿಸಿದರು. ಆ ವರ್ಷ ಆಯೋಗ ಕೊಟ್ಟ ಲೆಕ್ಕದಲ್ಲಿ ದೇಶಕ್ಕೆ ದಿನವೊಂದಕ್ಕೆ ಬೇಕಾದ ಊದುಬತ್ತಿ 1,490 ಟನ್, ಇಲ್ಲಿ ಆಗುತ್ತಿದ್ದದ್ದು 760 ಟನ್. ನಾವು ಆಗ ದಿನವೂ ಹಚ್ಚುತ್ತಿದ್ದುದರಲ್ಲಿ ಅರ್ಧದಷ್ಟು ನಮ್ಮದಲ್ಲ ಎಂದಾಯಿತು.

ಅದೇ ಆಯೋಗದ ಹೇಳಿಕೆಯಲ್ಲಿ ನಾನು ಹುಡುಕುತ್ತಿದ್ದ ಅಂಕಿಯೂ ಸಿಕ್ಕಿತು. ಯಂತ್ರದಲ್ಲಿ ಬತ್ತಿ ಮಾಡುವ ಕೂಲಿ ಕೆಜಿಗೆ 15 ರೂಪಾಯಿ. ಒಂದು ಯಂತ್ರ ದಿನಕ್ಕೆ 80 ಕೆಜಿ ಮಾಡಿದರೆ 1,200 ರೂಪಾಯಿ. ಅದು ನಾಲ್ವರಿಗೆ, ಅಂದರೆ ತಲೆಗೆ 300. ಪುಸ್ತಕ ತೆಗೆದು ನನ್ನ ಪೆಟ್ಟಿಗೆಗೆ ಇಳಿಸಿ ನೋಡಿದೆ. 74 ಕಡ್ಡಿಗೆ ಒಂದು ರೂಪಾಯಿ ಹತ್ತು ಪೈಸೆ. ಅರವತ್ತು ರೂಪಾಯಿಯ ಪೆಟ್ಟಿಗೆಯಲ್ಲಿ ಬತ್ತಿ ಮಾಡಿದವರ ಪಾಲು ಅದು. ಅದರ ನಾಲ್ಕು ಪಟ್ಟು, ನಾವು ಕಸದ ಬುಟ್ಟಿಗೆ ಹಾಕುವ ರಟ್ಟಿಗೆ ಹೋಗುತ್ತಿತ್ತು. ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ನಾನು ಯಾರಿಗೂ ಮೋಸ ಮಾಡಿರಲಿಲ್ಲ. ಎಲ್ಲರೂ ಕೇಳಿದ್ದನ್ನು ಕೊಟ್ಟಿದ್ದೆ. ಕೇಳಲು ಎದುರಿಗೆ ಇಲ್ಲದವರಿಗೆ ಮಾತ್ರ ಏನೂ ಸಿಕ್ಕಿರಲಿಲ್ಲ.

ಕೊರೊನಾ ಕಾಲದಲ್ಲಿ ವಿತರಕರ ಗಾಡಿಗಳು ನಿಂತವು. ವ್ಯಾಪಾರ ಹೇಗೂ ಬಿದ್ದಿತ್ತು. ಅಮ್ಮ ಒಂದು ದಿನ ಅಟ್ಟದಿಂದ ಹಲಗೆಯನ್ನು ಇಳಿಸಿ ಒರೆಸಿಟ್ಟಳು. "ಮೂವರೂ ಮನೆಯಲ್ಲೇ ಕುಳಿತಿದ್ದಾರೆ. ಇದ್ದಿಲ ಪುಡಿ ತರಿಸು" ಎಂದಳು. ಅಸ್ಸಾಮಿನಿಂದ ಬರುವ ಕಡ್ಡಿಯನ್ನು ಬೆಂಗಳೂರಿನ ಒಬ್ಬ ವ್ಯಾಪಾರಿಯಿಂದ ತರಿಸಿದೆವು. ದುಂಡು ಕಡ್ಡಿಯೇ, ಅಮ್ಮನಿಗೆ ಅದು ಜಾರುತ್ತಿತ್ತು. ಮುದ್ದೆಗೆ ಜಿಗಟು ಸ್ವಲ್ಪ ಹೆಚ್ಚು ಹಾಕಿ ಸರಿಮಾಡಿಕೊಂಡಳು. ಎಪ್ಪತ್ತು ದಾಟಿದ ಕೈ ಮೊದಲಿನ ವೇಗಕ್ಕೆ ಬರಲಿಲ್ಲ, ಆದರೆ ದಪ್ಪದಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ.

ಈಗ ಐವರು ಹೊಸೆಯುತ್ತಾರೆ. ವಿತರಕರನ್ನು ಬಿಟ್ಟೆವು. ಪರಿಚಯದ ಗ್ರಂಥಿಗೆ ಅಂಗಡಿಗಳು, ಎರಡು ದೇವಸ್ಥಾನಗಳ ಮುಂದಿನ ಹೂವಿನ ಅಂಗಡಿಗಳು, ಅಂಚೆಯಲ್ಲಿ ತರಿಸಿಕೊಳ್ಳುವವರು. ಅಂಗಡಿಗೆ ಶೇಕಡಾ 20, ಉಚಿತ ಡಜನ್ನಿನ ಮಾತಿಲ್ಲ. ಬಣ್ಣದ ಪೆಟ್ಟಿಗೆಯ ಬದಲು ಒಂದೇ ಬಣ್ಣದ ಅಚ್ಚು. ಖರ್ಚು 34 ರೂಪಾಯಿ, ಬೆಲೆ 65. ಗ್ರಾಮಿಗೆ 65 ಪೈಸೆ ಎಂದೂ ಅದರ ಕೆಳಗೇ ಇದೆ. ಹೀಗೆ ಬಿಡಿ ಪ್ರಮಾಣದ ಬೆಲೆ ಹಾಕುವುದು ಈಗ ಕಡ್ಡಾಯ. ಕೊಳ್ಳುವವರು ಎರಡು ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಅದಕ್ಕಿಂತ ಒಳ್ಳೆಯ ಅಂಕಿ ಬೇರೆ ಇಲ್ಲ. ತಿಂಗಳಿಗೆ ಎರಡೂವರೆ ಸಾವಿರ ಪೆಟ್ಟಿಗೆ ಹೋಗುತ್ತದೆ, ಅಷ್ಟೇ.

ಕಾನೂನು ಕೇಳದ ಒಂದು ಸಾಲನ್ನೂ ನಾನು ಪೆಟ್ಟಿಗೆಯ ಹಿಂಬದಿಗೆ ಸೇರಿಸಿದೆ: "ಇದರೊಳಗಿನ ಬತ್ತಿ ಹೊಸೆದವರಿಗೆ ಕೊಟ್ಟ ಕೂಲಿ 3 ರೂಪಾಯಿ." ಗ್ರಂಥಿಗೆ ಅಂಗಡಿಯವರೊಬ್ಬರು ಅದನ್ನು ಓದಿ ಮುಖ ಕಿವುಚಿದರು. "ಇದನ್ನೆಲ್ಲ ಯಾಕೆ ಬರೆಯುತ್ತೀರಿ, ಅಮ್ಮ? ಅರವತ್ತೈದರಲ್ಲಿ ಮೂರೇ ರೂಪಾಯಿಯೇ ಎಂದು ಜನ ನನ್ನನ್ನು ಕೇಳುತ್ತಾರೆ." ಕೇಳಲಿ ಎಂದೇ ಬರೆದದ್ದು ಎಂದೆ. ಕೇಳಿದರು ಕೂಡ. ಫೋನ್ ಸಂಖ್ಯೆ ಪೆಟ್ಟಿಗೆಯ ಮೇಲೇ ಇದೆಯಲ್ಲ. ಹಾಸನದಿಂದ ಒಬ್ಬ ನಿವೃತ್ತ ಮೇಷ್ಟರು ಕರೆ ಮಾಡಿ, ಉಳಿದ 62 ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿದರು. ಪುಸ್ತಕ ತೆರೆದು ಸಾಲು ಸಾಲಾಗಿ ಓದಿ ಹೇಳಿದೆ. ನನ್ನ ಪಾಲು ಎಷ್ಟೆಂದೂ ಹೇಳಿದೆ. ಮುಕ್ಕಾಲು ಗಂಟೆ ಹಿಡಿಯಿತು. ಅವರು ಬರೆದುಕೊಳ್ಳುತ್ತಿದ್ದರು ಎಂದು ಕಾಣುತ್ತದೆ, ನಡುನಡುವೆ "ಸ್ವಲ್ಪ ನಿಲ್ಲಿ" ಎನ್ನುತ್ತಿದ್ದರು.

ಕೂಲಿಯ ಬಗ್ಗೆ ನನಗೆ ನೆಮ್ಮದಿ ಇಲ್ಲ. ಬತ್ತಿ ಕೆಲಸಕ್ಕೂ ಕರ್ನಾಟಕದಲ್ಲಿ ಕನಿಷ್ಠ ವೇತನದ ಅಧಿಸೂಚನೆ ಇದೆ. ಮನೆಯಲ್ಲಿ ಕುಳಿತು ಎಣಿಕೆಯ ಲೆಕ್ಕದಲ್ಲಿ ಮಾಡುವ ಹೆಂಗಸಿನ ಕೈಗೆ ದಿನದ ಕೊನೆಯಲ್ಲಿ ಅಷ್ಟು ಕೂಡಿಬರುವುದು ಕಷ್ಟ. ಈ ವರ್ಷದ ಯುಗಾದಿಗೆ ಸಾವಿರಕ್ಕೆ 40 ಇದ್ದದ್ದನ್ನು 54 ಮಾಡಿದೆವು. ದಿನಕ್ಕೆ ನಾಲ್ಕು ಸಾವಿರ ಹೊಸೆದರೆ 216 ರೂಪಾಯಿ. ನಮಗೆ ಬರುವ ಬೇಡಿಕೆಯಲ್ಲಿ ಅಷ್ಟು ಕೆಲಸ ಯಾರಿಗೂ ಸಿಗುವುದಿಲ್ಲ. ಒಬ್ಬೊಬ್ಬರಿಗೆ ತಿಂಗಳಿಗೆ ಎರಡು ಸಾವಿರ ಆದರೆ ಹೆಚ್ಚು. ಪೆಟ್ಟಿಗೆಯ ಲೆಕ್ಕದಲ್ಲಿ ಮೂರು ಇದ್ದದ್ದು ನಾಲ್ಕಾಯಿತು.

ಹಳೆಯ ಅಚ್ಚಿನ ಎಂಟುನೂರು ಪೆಟ್ಟಿಗೆಗಳು ಉಳಿದಿದ್ದವು. ಬಿಸಾಡಿದರೆ ಎರಡು ಸಾವಿರಕ್ಕೂ ಹೆಚ್ಚು ನಷ್ಟ, ಹಾಗೇ ಬಳಸಿದರೆ ಸುಳ್ಳು. ಅಮ್ಮ ಕಪ್ಪು ಶಾಯಿಯ ಪೆನ್ನು ತರಿಸಿಕೊಂಡು ಕುಳಿತಳು. ಬೆಲೆಯ ಸಾಲನ್ನು ಮುಟ್ಟಬಾರದು ಎಂದು ತೋರಿಸಿಕೊಟ್ಟೆ. ಅವಳಿಗೆ ಓದಲು ಹೆಚ್ಚು ಬರುವುದಿಲ್ಲ, ಅಂಕಿ ಬರುತ್ತದೆ. ಮೂರು ದಿನ ಮಧ್ಯಾಹ್ನದ ಹೊತ್ತು ಕಿಟಕಿಯ ಬಳಿ ಕುಳಿತು ಒಂದೊಂದು ಪೆಟ್ಟಿಗೆಯಲ್ಲೂ ಮೂರನ್ನು ಹೊಡೆದುಹಾಕಿ ಪಕ್ಕದಲ್ಲಿ ನಾಲ್ಕು ಬರೆದಳು.